ಗಣಿಕೆಯೊಳಗಿನ ಮುಖಗಳು

ಮುಖ! ಎರಡು ದುಂಡನೆಯ ಕಣ್ಣು, ಕೆಳಗೆ ಅರೆತೆರೆದ ಬಾಯಿ, ಮೇಲೆ ಪುಟ್ಟ ಹಣೆ, ಹಣೆಗೆ ಬಿಗಿದು ಸುತ್ತಿದ ಪಟಗಾ. ಜಮಖಂಡಿ ಹತ್ತಿರದ ಹೊಲವೊಂದರ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಕಾಗದದ ಮಡಿಕೆಯೊಂದನ್ನು ಕಣ್ಣಿಗೆ ಒತ್ತಿಕೊಂಡು ಬಯಲಿನ ಬೆಳಕಿನತ್ತ ತಿರುಗಿದ್ದೆ. ಮಂಗವೊಂದು ನನ್ನನ್ನೇ ದಿಟ್ಟಿಸುತ್ತಿತ್ತು. ಮಂಗ ಇದ್ದದ್ದು ಕಬ್ಬಿನೊಳಗೆ.

"ಏನ ಕಾಣಾಕತ್ತೈತಿ ತಮ್ಮಾ?" ಅಂದರು ಕಾಕಾ, ಕುಡುಗೋಲು ಪಕ್ಕಕ್ಕಿಟ್ಟು.

"ಮುಖ ಐತ್ರಿ ಕಾಕಾ."

"ಯಾರದು?"

ಕಾಗದದ ಮಡಿಕೆ ಅಂದರೆ ಫೋಲ್ಡ್‌ಸ್ಕೋಪ್. ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ಮತ್ತು ಜಿಮ್ ಸಿಬುಲ್‌ಸ್ಕಿ 2014ರಲ್ಲಿ ಜಗತ್ತಿಗೆ ತೋರಿಸಿದ ಸೂಕ್ಷ್ಮದರ್ಶಕ: ದಪ್ಪ ಹಾಳೆಯನ್ನು ಗೆರೆಗೆರೆಗೆ ಮಡಿಸಿ, ಸಾಸಿವೆಯಂಥ ಒಂದು ಗಾಜಿನ ಗುಂಡು ಕೂರಿಸಿದರೆ ವಸ್ತು 140 ಪಟ್ಟು ದೊಡ್ಡದಾಗಿ ಕಾಣುತ್ತದೆ. ಅದಕ್ಕೆ ಕೊಟ್ಟದ್ದು ದಾಡಿ ಬ್ಲೇಡಿನಿಂದ ಅಡ್ಡಕ್ಕೆ ಸವರಿದ ಕಬ್ಬಿನ ಚೂರು. ಮೊದಲ ಏಳೆಂಟು ಚೂರುಗಳು ದಪ್ಪವಾಗಿ ಬರೀ ಕತ್ತಲು. ಒಂಬತ್ತನೆಯದೋ ಹತ್ತನೆಯದೋ ಈರುಳ್ಳಿ ಪೊರೆಯಷ್ಟು ತೆಳ್ಳಗೆ ಬಂತು. ಒಂದು ಹನಿ ನೀರು ಹಾಕಿ ನೋಡಿದೆ. ಮುಖ. ಹಾಳೆಯನ್ನು ಕೂದಲೆಳೆಯಷ್ಟು ಸರಿಸಿದೆ. ಇನ್ನೊಂದು ಮುಖ. ಮತ್ತೆ ಸರಿಸಿದೆ. ಮತ್ತೊಂದು! ಕಬ್ಬು ಕಡಿದಾಗ ಕೊಯ್ದ ಜಾಗದಲ್ಲಿ ಕಾಣುವ ಚುಕ್ಕೆಗಳನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ, ತಿಂದು ಉಗಿದಿದ್ದೇನೆ. ಅವೇ ನಾರು. ಒಂದೊಂದು ಚುಕ್ಕೆಯೂ ಒಂದೊಂದು ಮುಖ ಎಂದು ಯಾರೂ ಹೇಳಿರಲಿಲ್ಲ. ಸುಳ್ಳು ಹೇಳಬಾರದು, ಒಂಬತ್ತನೆಯ ತರಗತಿಯ 'ಅಂಗಾಂಶಗಳು' ಪಾಠದಲ್ಲಿ ಇದೆಲ್ಲ ಇತ್ತು. ಐದು ಅಂಕಕ್ಕೆ ಬಾಯಿಪಾಠ ಮಾಡಿ, ಪೆನ್ಸಿಲ್ಲಿನಲ್ಲಿ ಚಿತ್ರ ಬರೆದು, ಮರೆತೂ ಆಗಿತ್ತು.

ಕಣ್ಣು ಅಂದೆನಲ್ಲ, ಅವೆರಡೂ ನೀರಿನ ಕೊಳವೆ, ಕ್ಸೈಲಂ. ಬೇರು ಹೀರಿದ ಕೃಷ್ಣೆಯ ನೀರು ತುದಿಯ ಎಲೆಯವರೆಗೆ ಏರುವುದು ಈ ಕಣ್ಣುಗಳ ಒಳಗಿಂದ. ಮತ್ತು ಅವು ಸತ್ತ ಜೀವಕೋಶಗಳು! ಕೋಶವೊಂದು ಹುಟ್ಟಿ, ಉದ್ದವಾಗಿ, ಗೋಡೆಗೆ ಲಿಗ್ನಿನ್ ಎಂಬ ಗಾರೆ ಬಳಿದುಕೊಂಡು, ಒಳಗಿನ ಜೀವದ್ರವ್ಯವನ್ನೆಲ್ಲ ತಾನೇ ಕರಗಿಸಿ, ಮೇಲಿನ ಕೆಳಗಿನ ಅಡ್ಡಗೋಡೆ ಕಳಚಿಕೊಂಡು ಖಾಲಿಯಾಗುತ್ತದೆ. ಜೀವ ಇರುವವರೆಗೆ ಅದು ಕೊಳವೆಯಲ್ಲ. ಸತ್ತ ದಿನ ಕೆಲಸಕ್ಕೆ ಹಾಜರು.

ಹಣೆಯ ಜಾಗದಲ್ಲಿರುವುದು ಫ್ಲೋಯಂ, ಸಕ್ಕರೆಯ ದಾರಿ. ಎಲೆ ಮಾಡಿದ ಸಕ್ಕರೆ ಕೆಳಗಿಳಿಯುವುದು ಇಲ್ಲಿಂದ. ಈ ಕೋಶಗಳದು ಇನ್ನೊಂದು ವಿಚಿತ್ರ: ಜೀವ ಇದೆ, ಕೋಶಕೇಂದ್ರ ಇಲ್ಲ. ದಾರಿ ಸರಾಗವಾಗಲಿ ಎಂದು ತನ್ನ ಕೇಂದ್ರವನ್ನೇ ಬಿಟ್ಟುಕೊಟ್ಟು, ಪಕ್ಕಕ್ಕೆ ಅಂಟಿಕೊಂಡ ಸಂಗಾತಿ ಕೋಶದ ಆಸರೆಯಲ್ಲಿ ಬದುಕುತ್ತದೆ. ಪಟಗಾ ಎಂದು ನನಗೆ ಕಂಡದ್ದು ಸ್ಕ್ಲೀರೆಂಕೈಮ, ದಪ್ಪಗೋಡೆಯ ಗಟ್ಟಿ ಕೋಶಗಳ ಕವಚ. ಕಬ್ಬಿನ ಸಿಪ್ಪೆಯ ಹತ್ತಿರ ಹೋದಷ್ಟೂ ಈ ಮುಖಗಳು ಒತ್ತೊತ್ತಾಗಿ, ಪಟಗಾ ದಪ್ಪವಾಗುತ್ತದೆ. ಆಳೆತ್ತರ ಮೀರಿದ ಗಿಡವನ್ನು ಗಾಳಿಗೆ ಎದುರು ನಿಲ್ಲಿಸುವುದು ಈ ಪಟಗಾದವರು.

ಇನ್ನು ಬಾಯಿ. ಅದನ್ನು ತಿಳಿದುಕೊಂಡ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆ ಬಾಯಿ ಒಂದು ಹರಿದ ಜಾಗ. ಗಣಿಕೆ, ಅಂದರೆ ಎರಡು ಗೆಣ್ಣುಗಳ ನಡುವಿನ ಭಾಗ, ಎಳೆಯದಿದ್ದಾಗ, ಇನ್ನೂ ಬೆರಳುದ್ದವೂ ಇಲ್ಲದಾಗ, ಮೊದಲ ನೀರಿನ ಕೊಳವೆ ಅಲ್ಲಿತ್ತು. ಸುತ್ತಲಿನ ಕೋಶಗಳು ಉದ್ದವಾಗುತ್ತ ಹೋದವು, ಗಣಿಕೆ ಎಳೆಯಿತು, ಸತ್ತ ಕೊಳವೆ ಉದ್ದವಾಗಲಾರದು, ಹರಿಯಿತು. ಹರಿದಲ್ಲಿ ಒಂದು ಪೊಳ್ಳು ಉಳಿಯಿತು. ಅಷ್ಟರಲ್ಲಿ ಪಕ್ಕದಲ್ಲಿ ಎರಡು ದೊಡ್ಡ ಕೊಳವೆಗಳು, ಆ ಕಣ್ಣುಗಳು, ಸಿದ್ಧವಾಗಿದ್ದವು. ಪ್ರತಿ ನಾರಿನಲ್ಲೂ ಗಣಿಕೆ ಬೆಳೆದ ಗುರುತು ಹೀಗೆ ಬಾಯಿ ತೆರೆದುಕೊಂಡು ಕೂತಿದೆ.

ಕೊಳವೆಗಳ ಮಾತು ಬಂದಾಗ ಕನ್ನಡಿಗರು ಒಬ್ಬರನ್ನು ನೆನೆಯದೆ ಮುಂದೆ ಹೋಗಬಾರದು. 'ಹಸುರು ಹೊನ್ನು' ಬರೆದ ಬಿ.ಜಿ.ಎಲ್. ಸ್ವಾಮಿ ನಮಗೆ ನಗೆಬರಹದ, ಸಸ್ಯಯಾತ್ರೆಯ ಲೇಖಕರಾಗಿ ಗೊತ್ತು. ಅವರ ನಿತ್ಯದ ಕಸುಬು ಇದೇ ಆಗಿತ್ತು: ಗಿಡವನ್ನು ತೆಳ್ಳಗೆ ಸೀಳಿ ಒಳಗೆ ನೋಡುವುದು. ಹಾರ್ವರ್ಡ್‌ನಲ್ಲಿ ಅರ್ವಿಂಗ್ ಬೈಲಿ ಜೊತೆ ಸೇರಿ 1950ರಲ್ಲಿ ಅವರು ಸಾರ್ಕಾಂಡ್ರ ಎಂಬ ಹೂಬಿಡುವ ಗಿಡದ ಕಾಂಡದಲ್ಲಿ ಈ ಅಡ್ಡಗೋಡೆ ಕಳಚಿದ ಕೊಳವೆಗಳೇ ಇಲ್ಲ ಎಂದು ವರದಿ ಮಾಡಿದರು. ಮುಖದಲ್ಲಿ ಕಣ್ಣಿಲ್ಲದ ಗಿಡ! ಸಸ್ಯಶಾಸ್ತ್ರಜ್ಞರು ಹುಬ್ಬೇರಿಸಿದ ಸಂಗತಿ ಅದು. ಅವರ ಹಾಸ್ಯಕ್ಕೆ ನಕ್ಕ ನಾವು ಅವರ ಬ್ಲೇಡಿನ ಕೆಲಸವನ್ನು ಅಷ್ಟಾಗಿ ನೋಡಲಿಲ್ಲ ಅನಿಸುತ್ತದೆ.

"ಮುಖ ಆತು. ಸಿಹಿ ಎಲ್ಲೈತಿ?" ಕಾಕಾ ಸರಿಯಾದ ಪ್ರಶ್ನೆಯನ್ನೇ ಕೇಳಿದರು.

ಸಿಹಿ ಮುಖದಲ್ಲಿಲ್ಲ. ಮುಖಗಳ ನಡುವಿನ ಬಿಳಿ ಬಯಲಿನಲ್ಲಿದೆ. ಅಲ್ಲಿ ಜೇನಿನ ಹಲ್ಲೆಯ ಹಾಗೆ ಒತ್ತಾಗಿ ಕೂತ ತೆಳುಗೋಡೆಯ ಕೋಶಗಳು, ಪೇರೆಂಕೈಮ. ನೋಡಲು ಏನೂ ಇಲ್ಲ, ಖಾಲಿ ಚೀಲದ ಹಾಗೆ. ಖಾಲಿ ಎಲ್ಲಿ! ಪ್ರತಿ ಕೋಶದ ಹೊಟ್ಟೆಯಲ್ಲಿ ಒಂದು ದೊಡ್ಡ ನೀರ್ಚೀಲ, ಅದರ ತುಂಬ ಸಕ್ಕರೆ ಪಾಕ. ಕೋಶದ ಜೀವದ್ರವ್ಯ, ಕೇಂದ್ರ ಎಲ್ಲವೂ ಗೋಡೆಗೆ ಒತ್ತಿಕೊಂಡು ಅಂಚಿನಲ್ಲಿ ನಿಂತಿವೆ, ಮದುವೆಮನೆಯಲ್ಲಿ ಅಕ್ಕಿಮೂಟೆಗೆ ಜಾಗ ಬಿಟ್ಟು ಮನೆಮಂದಿ ಗೋಡೆಗಾತು ನಿಂತ ಹಾಗೆ. ಬುಡದ ಗಣಿಕೆ ಮೊದಲು ತುಂಬುತ್ತದೆ, ತುದಿಯದು ಕಡೆಗೆ. ಬುಡ ಸಿಹಿ, ತುದಿ ಸಪ್ಪೆ ಎಂದು ಮಕ್ಕಳು ಜಗಳವಾಡುವುದು ಇದಕ್ಕೇ.

ಹೀಗೆ ನೋಡಿದರೆ ಮುಧೋಳದಿಂದ ಜಮಖಂಡಿಯವರೆಗೆ ಹೊಗೆ ಬಿಡುವ ಸಕ್ಕರೆ ಕಾರ್ಖಾನೆಗಳೆಲ್ಲ ಕೋಶ ಬೇರ್ಪಡಿಸುವ ಯಂತ್ರಗಳು. ತೆಳುಗೋಡೆಯವರ ಹೊಟ್ಟೆ ಒಡೆದು ರಸ ಒಂದು ಕಡೆ, ದಪ್ಪಗೋಡೆಯ ಪಟಗಾದವರು ಇನ್ನೊಂದು ಕಡೆ. ರಸ ಸಕ್ಕರೆಯಾಗುತ್ತದೆ, ನಾರು ಬಾಯ್ಲರಿಗೆ ಹೋಗಿ ಉರಿಯುತ್ತದೆ, ವಿದ್ಯುತ್ತೂ ಆಗುತ್ತದೆ. 100 ಕಿಲೋ ಕಬ್ಬಿನಲ್ಲಿ 70 ಕಿಲೋದಷ್ಟು ಬರೀ ನೀರು. ಕೈಗೆ ಬರುವ ಸಕ್ಕರೆ 10-11 ಕಿಲೋ.

ಮುಧೋಳದ ದಾರಿಯಲ್ಲಿ ಒಂದು ಗಾಣ ಆಗಲೇ ಶುರುವಾಗಿತ್ತು. ದಸರೆ ಮುಗಿದು ದೀಪಾವಳಿಗೆ ಇನ್ನೂ ದಿನವಿದ್ದ ಹೊತ್ತು. ಕೊಪ್ಪರಿಗೆಯಲ್ಲಿ ರಸ ಕುದಿಯುತ್ತಿತ್ತು, ಮೇಲೆ ಕಂದು ಮಡ್ಡಿ ಉಕ್ಕುತ್ತಿತ್ತು. ಆ ಮಡ್ಡಿ ಏನು ಗೊತ್ತೆ? ಒಡೆದ ಕೋಶಗಳ ಪ್ರೋಟೀನು, ಮೇಣ, ಗೋಡೆಯ ಪುಡಿ. ಅದನ್ನು ಹಿಡಿದು ತೆಗೆಯಲು ಹಿಂದಿನವರು ಬೆಂಡೆ ಗಿಡವನ್ನು ಜಜ್ಜಿ ಲೋಳೆ ಮಾಡಿ ರಸಕ್ಕೆ ಬಿಡುತ್ತಿದ್ದರು. ಲೋಳೆ ಮಡ್ಡಿಯನ್ನು ಅಪ್ಪಿಕೊಂಡು ಮೇಲೆ ತರುತ್ತದೆ, ಜರಡಿ ಸೌಟಿನಿಂದ ತೆಗೆದರೆ ಆಯಿತು. ಒಂದು ಗಿಡದ ಕೋಶದ ಕೊಳೆಯನ್ನು ಇನ್ನೊಂದು ಗಿಡದ ಕೋಶದ ಅಂಟು ತೊಳೆಯಿತು. ಈಗ ಬೆಲ್ಲ ಬೆಳ್ಳಗಾಗಲೆಂದು ಪುಡಿಗಳ ಪೊಟ್ಟಣ ಬಂದಿವೆ. ಮಹಾಲಿಂಗಪುರದ ಪೇಟೆಗೆ ಹೋಗುವ ಬೆಲ್ಲದ ಪೆಂಟೆಗಳಲ್ಲಿ ನನಗೆ ಇಷ್ಟವಾಗುವುದು ಇವತ್ತಿಗೂ ಆ ಕಪ್ಪು ಮಿಶ್ರಿತ ಕೆಂಪಿನದೇ.

ಕಬ್ಬಿನ ಎಲೆಯ ಕಥೆ ಇನ್ನೂ ಜೋರು. ಕಡಿಯಲು ಬರುವ ಗ್ಯಾಂಗಿನವರ ಮುಂಗೈ ನೋಡಿದ್ದೀರಾ? ಗೀರು ಗೀರು. ಎಲೆಯಂಚಿನಲ್ಲಿ ಗರಗಸದ ಹಲ್ಲಿನಂಥ ಕೋಶಗಳು ತುದಿ ಮುಂದೆ ಮಾಡಿ ಸಾಲಾಗಿ ಕೂತಿವೆ, ಅವುಗಳಲ್ಲಿ ಸಿಲಿಕಾ ತುಂಬಿದೆ, ಮರಳಿನಲ್ಲಿರುವ ಅದೇ ಸಿಲಿಕಾ. ಹೊಲ ಗಾಜು ಬೆಳೆಯುತ್ತದೆ ಅಂದರೂ ತಪ್ಪಿಲ್ಲ. ನೀರು ಕಡಿಮೆಯಾದ ಮಧ್ಯಾಹ್ನ ಕಬ್ಬಿನೆಲೆ ಸುರುಳಿಯಾಗುತ್ತದಲ್ಲ, ಅದಕ್ಕೂ ಬೇರೆ ಕೋಶಗಳಿವೆ: ಎಲೆಯ ಮೇಲ್ಮೈಯಲ್ಲಿ ಊದಿದ ಗುಳ್ಳೆಗಳಂಥವು. ನೀರು ಕಳೆದುಕೊಂಡು ಅವು ಕುಗ್ಗಿದರೆ ಎಲೆ ಚಾಪೆಯ ಹಾಗೆ ಸುತ್ತಿಕೊಳ್ಳುತ್ತದೆ. ನೀರು ತುಂಬಿದರೆ ಬಿಚ್ಚುತ್ತದೆ.

ಇನ್ನು ಎಲೆಯನ್ನು ಅಡ್ಡ ಸೀಳಿದರೆ ಕಾಣುವುದು ಹೂಮಾಲೆ. ಒಂದೊಂದು ನರದ ಸುತ್ತಲೂ ದಪ್ಪ ಹಸಿರು ಕೋಶಗಳ ಉಂಗುರ, ಅದರ ಹೊರಗೆ ಇನ್ನೊಂದು ಸುತ್ತು. ಜರ್ಮನ್ ಭಾಷೆಯ ಸಸ್ಯಶಾಸ್ತ್ರಜ್ಞ ಗಾಟ್ಲೀಬ್ ಹಾಬರ್‌ಲಾಂಟ್ 1880ರ ದಶಕದಲ್ಲೇ ಇದನ್ನು ಕಂಡು ಮಾಲೆ ಎಂದೇ ಕರೆದ, ಕ್ರಾಂಟ್ಸ್. ಆದರೆ ಗಿಡ ಯಾಕೆ ಮಾಲೆ ಹಾಕಿಕೊಂಡಿದೆ? ಉತ್ತರಕ್ಕೆ ಸುಮಾರು 80 ವರ್ಷ ಬೇಕಾಯಿತು, ಮತ್ತು ಆ ಉತ್ತರ ಸಿಕ್ಕಿದ್ದು ಕಬ್ಬಿನಲ್ಲಿ! ಹವಾಯಿ ದ್ವೀಪದ ಕಬ್ಬು ಬೆಳೆಗಾರರ ಪ್ರಯೋಗಾಲಯದಲ್ಲಿ ಕೋರ್ಚಾಕ್, ಕಾನ್‌ಸ್ಟನ್ಸ್ ಹಾರ್ಟ್, ಬರ್ ಎಂಬ ಮೂವರು ವಿಕಿರಣ ಸೂಸುವ ಇಂಗಾಲವನ್ನು ಗಾಳಿಯಲ್ಲಿ ಬೆರೆಸಿ ಕಬ್ಬಿನೆಲೆಗೆ ಉಣಿಸಿದರು. ಆ ಇಂಗಾಲ ಪುಸ್ತಕ ಹೇಳಿದ ಮೂರು ಇಂಗಾಲದ ಪದಾರ್ಥದಲ್ಲಿ ಮೊದಲು ಕಾಣಲಿಲ್ಲ, ನಾಲ್ಕು ಇಂಗಾಲದ ಆಮ್ಲಗಳಲ್ಲಿ ಕಂಡಿತು. ಅದನ್ನು ಅವರು 1965ರಲ್ಲಿ ಪ್ರಕಟಿಸಿದರು. ಮರುವರ್ಷ ಆಸ್ಟ್ರೇಲಿಯದ ಬ್ರಿಸ್ಬೇನ್‌ನಲ್ಲಿ, ಅದೂ ಸಕ್ಕರೆ ಕಂಪನಿಯೊಂದರ ಪ್ರಯೋಗಾಲಯದಲ್ಲಿ, ಹ್ಯಾಚ್ ಮತ್ತು ಸ್ಲ್ಯಾಕ್ ಈ ದಾರಿಯನ್ನು ಬಿಡಿಸತೊಡಗಿದರು. ಹೊರ ಸುತ್ತಿನ ಕೋಶಗಳು ಗಾಳಿಯ ಇಂಗಾಲವನ್ನು ಹಿಡಿದು ಆಮ್ಲ ಮಾಡಿ ಒಳ ಉಂಗುರಕ್ಕೆ ದಾಟಿಸುತ್ತವೆ. ಒಳ ಉಂಗುರದಲ್ಲಿ ಅದು ಮತ್ತೆ ಬಿಡುಗಡೆಯಾಗಿ ದಟ್ಟವಾಗಿ ಸೇರಿ ಸಕ್ಕರೆಯಾಗುತ್ತದೆ. ಹೊರಗಿನವರು ಹೊತ್ತು ತರುವವರು, ಒಳಗಿನವರು ಅಡುಗೆಯವರು. ಬೇರೆ ಗಿಡಗಳು ಸೋತು ಕೂರುವ ನಮ್ಮ ಉರಿಬಿಸಿಲಿನಲ್ಲಿ ಕಬ್ಬು, ಜೋಳ, ಗೋವಿನಜೋಳ ಹಬ್ಬ ಮಾಡುವುದು ಈ ಮಾಲೆಯಿಂದ.

ಕಾಕಾನ ಹೊಲದ್ದು ಕೋ 86032. ಆ 'ಕೋ' ಕೊಯಮತ್ತೂರಿನದು. ಅಲ್ಲಿನ ಕಬ್ಬು ತಳಿ ಸಂಸ್ಥೆ 1912ರಲ್ಲಿ ಶುರುವಾಯಿತು; ತಿನ್ನುವ ಕಬ್ಬಿಗೆ ಹೊಳೆದಂಡೆಯ ಕಾಡುಕಬ್ಬನ್ನು ಕೂಡಿಸಿ ಟಿ.ಎಸ್. ವೆಂಕಟರಾಮನ್ ಅವರು ಗಟ್ಟಿ ತಳಿಗಳನ್ನು ತೆಗೆದರು. 1930ರ ದಶಕದಲ್ಲಿ ಇ.ಕೆ. ಜಾನಕಿ ಅಮ್ಮಾಳ್ ಅಲ್ಲೇ ಕೂತು ಕಬ್ಬಿನ ಕೋಶದೊಳಗಿನ ವರ್ಣತಂತುಗಳನ್ನು ಎಣಿಸಿದರು. ಮನುಷ್ಯನ ಒಂದು ಕೋಶದಲ್ಲಿ 46. ಈಗ ಬೆಳೆಯುವ ಕಬ್ಬಿನ ತಳಿಗಳಲ್ಲಿ 100ಕ್ಕೂ ಮೇಲೆ. ನಮಗಿಂತ ಎರಡು ಪಟ್ಟು ದೊಡ್ಡ ಜಾತಕ ಇಟ್ಟುಕೊಂಡ ಗಿಡವನ್ನು ನಾವು ಹಲ್ಲಿನಿಂದ ಸಿಗಿದು ತಿನ್ನುತ್ತೇವೆ.

ಸರಿ, ಇದು ಬೆಳೆಯುವುದು ಎಲ್ಲಿ? ಮನುಷ್ಯರ ಮಕ್ಕಳು ಮೈಪೂರ್ತಿ ಬೆಳೆಯುತ್ತಾರೆ. ಗಿಡ ಹಾಗಲ್ಲ. ಕಾಕಾನ ಮನೆಮುಂದಿನ ಬೇವಿನ ಮರಕ್ಕೆ ಅಜ್ಜ ಹೊಡೆದ ಮೊಳೆಯೊಂದಿದೆ, ಬಟ್ಟೆ ಒಣಹಾಕುವ ಹಗ್ಗಕ್ಕೆ. ಮರ ಮಾಡು ದಾಟಿ ಎಷ್ಟೋ ಮೇಲೆ ಹೋಗಿದೆ. ಮೊಳೆ ಮಾತ್ರ ಇದ್ದ ಎತ್ತರದಲ್ಲೇ ಇದೆ, ತೊಗಟೆಯೊಳಗೆ ಅರ್ಧ ಹುದುಗಿದೆ. ಮೇಲಕ್ಕೆ ಬೆಳೆಯುವುದು ತುದಿ ಮಾತ್ರ. ಸೊಂಟ ದಪ್ಪವಾಗುವುದು ತೊಗಟೆಯ ಕೆಳಗಿನ ಒಂದು ತೆಳು ಪದರದಿಂದ. ಕಬ್ಬಿಗೆ ಆ ಪದರ ಇಲ್ಲ. ಅಡಸಾಲಿ ಕಬ್ಬು ಒಂದೂವರೆ ವರ್ಷ ನಿಂತರೂ ಒಂದು ಸಲ ಗಣಿಕೆಯ ದಪ್ಪ ನಿಂತ ಮೇಲೆ ಅಷ್ಟೇ.

ಕಬ್ಬಿನ ತುದಿಯ ಎಲೆಗಳನ್ನು ಈರುಳ್ಳಿ ಬಿಡಿಸಿದ ಹಾಗೆ ಒಂದೊಂದಾಗಿ ತೆಗೆಯುತ್ತ ಹೋದೆ. ಹಸಿರೆಲೆ, ತಿಳಿಹಸಿರು, ಹಳದಿ, ಬಿಳಿ, ಕಡೆಗೆ ಬೆಣ್ಣೆಯಷ್ಟು ಮೆತ್ತಗಿನ ಒಂದು ಕುಡಿ. ಅದರ ತುತ್ತತುದಿಯಲ್ಲಿ ಸಾಸಿವೆಗಿಂತ ಸಣ್ಣ ಗುಮ್ಮಟ. ವರ್ಧನ ಅಂಗಾಂಶ. ಅಲ್ಲಿನ ಕೋಶಗಳಿಗೆ ಇನ್ನೂ ಯಾವ ಕಸುಬೂ ಇಲ್ಲ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ಅಷ್ಟೇ. ಗುಮ್ಮಟದಿಂದ ಕೆಳಗೆ ಸರಿದಂತೆ ಒಬ್ಬೊಬ್ಬರಿಗೂ ಕೆಲಸ ಹಂಚಿಕೆಯಾಗುತ್ತದೆ: ನೀನು ಕಣ್ಣು, ನೀನು ಹಣೆ, ನೀನು ಪಟಗಾ, ನೀನು ಸಕ್ಕರೆ ಚೀಲ. ಹತ್ತಡಿ ಕಬ್ಬು, ಎಕರೆಗೆ ಹತ್ತಾರು ಟನ್ನು, ಎಲ್ಲ ಶುರುವಾದದ್ದು ಇಂಥ ಚುಕ್ಕೆಗಳಲ್ಲಿ!

ಆದರೆ ಕೋಶ ಹೆಚ್ಚಿದ ಮಾತ್ರಕ್ಕೆ ಕಬ್ಬು ಏರುವುದಿಲ್ಲ. ಹೆಚ್ಚಿದ ಕೋಶ ನೀರು ಕುಡಿದು ಉಬ್ಬಬೇಕು. ಒಳಗಿನ ಚೀಲಕ್ಕೆ ನೀರು ನುಗ್ಗಿ, ಗೋಡೆಯನ್ನು ಒಳಗಿಂದ ಒತ್ತಿ, ಗೋಡೆ ಸಡಿಲವಾಗಿ ಉದ್ದಕ್ಕೆ ಜಗ್ಗಬೇಕು. ಬೆಳವಣಿಗೆಯ ಬಹುಪಾಲು ನೀರಿನ ಒತ್ತಡ. 1989ರಲ್ಲಿ ಈ ಭಾಗದ ರೈತರು ತಾವೇ ದುಡ್ಡು ಕೂಡಿಸಿ, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಕೃಷ್ಣೆಗೆ ಅಡ್ಡಲಾಗಿ ಚಿಕ್ಕಪಡಸಲಗಿ ಬ್ಯಾರೇಜು ಕಟ್ಟಿದರಲ್ಲ, ಕಣ್ಣಿಗೆ ಕಾಣದ ಕೋಶವೊಂದರ ಹೊಟ್ಟೆಯಿಂದ ನೋಡಿದರೆ ಅದು ಇದೇ ಒತ್ತಡವನ್ನು ಕಟ್ಟಿಕೊಟ್ಟ ಕೆಲಸ.

ನಾಟಿಗೆ ಕಾಕಾ ಕಬ್ಬಿನ ಮೇಲಿನ ಭಾಗವನ್ನೇ ಆರಿಸುತ್ತಾರೆ. "ತಳದ ಕಣ್ಣ ಮುದುಕ ಆಗಿರತಾವ" ಅನ್ನುತ್ತಾರೆ. ಈ ಕಣ್ಣು ಮುಖದ್ದಲ್ಲ, ಗೆಣ್ಣಿನ ಮೊಗ್ಗು. ತುದಿ ಇರುವವರೆಗೆ ಪಕ್ಕದ ಕಣ್ಣುಗಳು ಏಳುವುದಿಲ್ಲ, ತುದಿಯಿಂದ ಇಳಿಯುವ ಆಕ್ಸಿನ್ ಎಂಬ ರಸ ಅವನ್ನು ಮಲಗಿಸಿಟ್ಟಿರುತ್ತದೆ. ಕಡಿದರೆ ಯಜಮಾನಿಕೆ ತಪ್ಪಿ ಎಚ್ಚರಾಗುತ್ತವೆ. ಸಾಲಿನಲ್ಲಿ ತುಂಡನ್ನು ಅಡ್ಡ ಮಲಗಿಸಿ ಮಣ್ಣು ಮುಚ್ಚುತ್ತಾರೆ. ಕತ್ತಲು. ಮೇಲು ಯಾವುದು, ಕೆಳಗು ಯಾವುದು? ಆದರೂ ಕಣ್ಣು ಮೇಲಕ್ಕೇ ಬರುತ್ತದೆ, ಬೇರು ಕೆಳಕ್ಕೇ ಹೋಗುತ್ತದೆ. ಬೇರಿನ ತುದಿಯ ಟೊಪ್ಪಿಗೆಯೊಳಗಿನ ಕೆಲವು ಕೋಶಗಳಲ್ಲಿ ಹಿಟ್ಟಿನ ಸಣ್ಣ ಕಾಳುಗಳಿವೆ, ತೂಕದವು. ಬೇರು ಓರೆಯಾದರೆ ಕಾಳುಗಳು ಉರುಳಿ ಕೆಳಬದಿಗೆ ಬಂದು ಕೂರುತ್ತವೆ. ಕೂತದ್ದೇ ಸುದ್ದಿ. ನೆಲ ಆ ಕಡೆ ಇದೆ! ನಮ್ಮ ಕಿವಿಯೊಳಗೆ ಸಮತೋಲ ನೋಡಲು ಇರುವ ಸುಣ್ಣದ ಕಾಳುಗಳ ಹಾಗೆಯೇ.

ಇದನ್ನು ಹೇಳುತ್ತಿರುವಾಗ ಕಾಕಾ ನನ್ನ ತೋಳು ಹಿಡಿದು ಹೊಲದ ಮೂಲೆಗೆ ಎಳೆದೊಯ್ದರು. ಹಿಂದಿನ ವಾರದ ಗಾಳಿಮಳೆಗೆ ಒಂದು ಪಟ್ಟಿ ಕಬ್ಬು ಅಡ್ಡ ಬಿದ್ದಿತ್ತು. ಬಿದ್ದದ್ದು ಬಿದ್ದ ಹಾಗೇ ಇರಲಿಲ್ಲ. ಬುಡ ನೆಲಕ್ಕೆ ಒರಗಿದೆ, ತುದಿ ಮಾತ್ರ ಹೆಡೆಯೆತ್ತಿದ ಹಾವಿನ ಹಾಗೆ ಆಕಾಶಕ್ಕೆ ಏಳುತ್ತಿದೆ. ಡೊಂಕು ಕಬ್ಬಿನ ಸಿಹಿಯ ಬಗ್ಗೆ ನಮ್ಮಲ್ಲಿ ಮಾತಿಗೇನು ಕಡಿಮೆ. ಡೊಂಕು ಯಾಕೆ ಬಂತು ಎಂದು ಕೇಳಿದವರು ಎಷ್ಟು ಮಂದಿ? ಕಾಕಾ ಕೂತು ಗೆಣ್ಣನ್ನು ಹೆಬ್ಬೆರಳಿನಿಂದ ಸವರಿದರು. ಗೆಣ್ಣಿನ ಮೇಲೆ ತೆಳುಬಣ್ಣದ ಒಂದು ಉಂಗುರವಿದೆ, ಉಗುರಿನಗಲ. ಕಬ್ಬಿನ ಗುಟ್ಟು ಅದು. ತುದಿ ಎಷ್ಟೋ ಮೇಲೆ ಹೋಗಿದ್ದರೂ ಬೆಳೆಯುವ ಶಕ್ತಿಯ ಒಂದು ಪಾಲನ್ನು ಪ್ರತಿ ಗೆಣ್ಣಿನಲ್ಲೂ ಬಿಟ್ಟುಹೋಗಿರುತ್ತದೆ. ಕಬ್ಬು ಬಿದ್ದಾಗ ಗೆಣ್ಣಿನ ಹತ್ತಿರದ ಹಿಟ್ಟಿನ ಕಾಳುಗಳೂ ಉರುಳುತ್ತವೆ, ಆಕ್ಸಿನ್ ಕೆಳಬದಿಗೆ ಸೇರುತ್ತದೆ, ಉಂಗುರದ ಕೆಳಬದಿಯ ಕೋಶಗಳು ಉದ್ದವಾಗುತ್ತವೆ, ಮೇಲಿನವು ಸುಮ್ಮನಿರುತ್ತವೆ. ಕೆಳಗಿನದು ಉದ್ದವಾದರೆ ಗಣಿಕೆ ಮೇಲಕ್ಕೆ ಬಾಗಲೇಬೇಕು. ಬೇರಿನಲ್ಲಿ ಇದೇ ರಸ ತಿರುಗುಮುರುಗು: ಕೆಳಬದಿಯ ಬೆಳವಣಿಗೆಯನ್ನು ತಡೆದು ಬೇರನ್ನು ಕೆಳಕ್ಕೆ ಬಗ್ಗಿಸುತ್ತದೆ. ಒಂದೇ ಮಾತು, ಕಾಂಡ ಏಳು ಎಂದು ಕೇಳಿಸಿಕೊಳ್ಳುತ್ತದೆ, ಬೇರು ಇಳಿ ಎಂದು.

"ಹಂಗಾರ ಮುರಿದಂಗ ಕಾಣತೈತಲ್ಲ, ಅದು ಮುರಿದದ್ದಲ್ಲ?"

"ಅಲ್ರಿ. ಬೆಳೆದದ್ದು."

ಕಾಕಾ ಇನ್ನೊಮ್ಮೆ ಸವರಿದರು. ಉಂಗುರ ಕೆಳಬದಿಯಲ್ಲಿ ಅಗಲ, ಮೇಲ್ಬದಿಯಲ್ಲಿ ಗೆರೆಯಷ್ಟು. ಬೆರಳಿಗೇ ತಿಳಿಯುತ್ತಿತ್ತು.

ಬೀಳಗಿ ಕಡೆ ಹೋಗಿದ್ದು ಮರುದಿನ. ಆಲಮಟ್ಟಿಯ ಹಿನ್ನೀರು ಹೊಲದಂಚಿಗೆ ಬರುವ ಜಾಗಗಳಲ್ಲಿ ಕಬ್ಬಿನ ಬುಡ ನೀರಿನಲ್ಲಿ ನಿಂತಿರುತ್ತದೆ. ನೆಲದೊಳಗೆ ಗಾಳಿ ಇಲ್ಲ, ಬೇರು ಉಸಿರುಗಟ್ಟಬೇಕು. ಉಪಾಯ ನೋಡಿ: ಬೇರಿನೊಳಗಿನ ಕೋಶಗಳಲ್ಲಿ ಕೆಲವು ಸತ್ತು ಪೊಳ್ಳಾಗುತ್ತವೆ, ಪೊಳ್ಳುಗಳು ಕೂಡಿ ಗಾಳಿಯ ಸುರಂಗವಾಗುತ್ತದೆ, ಮೇಲಿನ ಗಾಳಿ ಅದರೊಳಗಿಂದ ಕೆಳಗಿಳಿಯುತ್ತದೆ. ಜೊತೆಗೆ ನೀರಿನ ಮಟ್ಟದ ಗೆಣ್ಣಿನಿಂದ ಹೊಸ ಬೇರುಗಳು ಕುಚ್ಚುಕುಚ್ಚಾಗಿ ಹೊರಬರುತ್ತವೆ. ಒಂದನ್ನು ಕಿತ್ತು ಬೆರಳಲ್ಲಿ ಒತ್ತಿದೆ, ಸ್ಪಂಜಿನ ಹಾಗೆ ಮೆತ್ತಗಿತ್ತು. ಬೀಳಗಿಯಲ್ಲಿ ನನಗೆ ಬೇಕಿದ್ದದ್ದು ಬೇರೆ, ಒಂದು ಹತ್ತಿ ಹೊಲ. ಸಿಕ್ಕಿತು. ಹೂವಿನಲ್ಲಿತ್ತು! ಇವತ್ತು ಅರಳಿದ್ದು ಕೆನೆಬಿಳಿ, ನಿನ್ನೆಯದು ಗುಲಾಬಿ. ಬಿಳಿ ಹೂವೊಂದನ್ನು ಬಿಡಿಸಿ ಬುಡದ ಮೊಗ್ಗುಕಾಯಿ ಸೀಳಿದರೆ ಒಳಗೆ ಗಸಗಸೆಯಂಥ ಎಳೆ ಬೀಜಗಳು. ಇಲ್ಲಿಂದ ನೇಕಾರರ ಊರು ರಬಕವಿ-ಬನಹಟ್ಟಿಯ ಕಥೆ ಶುರು.

ಹೂ ಅರಳಿದ ದಿನವೇ ಆ ಎಳೆ ಬೀಜದ ಸಿಪ್ಪೆಯ ಮೇಲಿನ ಕೆಲವು ಕೋಶಗಳು ಗುಳ್ಳೆಯ ಹಾಗೆ ಉಬ್ಬುತ್ತವೆ. ಪಕ್ಕದ ಕೋಶ ಸಿಪ್ಪೆಯಾಗಿಯೇ ಉಳಿಯುತ್ತದೆ, ಇದು ಉಬ್ಬುತ್ತದೆ. ಉಬ್ಬಿದ್ದು ಉದ್ದವಾಗತೊಡಗುತ್ತದೆ. ಎರಡಾಗುವುದಿಲ್ಲ, ಒಡೆಯುವುದಿಲ್ಲ, ಉದ್ದವಾಗುತ್ತದೆ, ಅಷ್ಟೇ. ಭರದಲ್ಲಿದ್ದಾಗ ದಿನಕ್ಕೆ 2 ಮಿಲಿಮೀಟರಿನವರೆಗೆ! ಮೂರು ವಾರ ಕಳೆಯುವಷ್ಟರಲ್ಲಿ 3 ಸೆಂಟಿಮೀಟರ್. ಹತ್ತಿಯ ಒಂದು ಎಳೆ ಅಂದರೆ ಒಂದೇ ಒಂದು ಜೀವಕೋಶ. ಇದನ್ನು ನಾನು ಎಷ್ಟು ಸಲ ಹೇಳಿಕೊಂಡರೂ ನಂಬಿಕೆ ಬರುವುದಿಲ್ಲ. ಕೋಶ ಅಂದರೆ ಕಣ್ಣಿಗೆ ಕಾಣದ್ದು ಎಂದು ಕಲಿತಿದ್ದೆವಲ್ಲ? ಅರಳೆಯಿಂದ ಒಂದು ಎಳೆ ಜಗ್ಗಿ ಬೆರಳ ಮೇಲಿಟ್ಟುಕೊಳ್ಳಿ: ಕಾಣುತ್ತಿರುವುದು ಒಂದು ಇಡೀ ಕೋಶ. ದಪ್ಪಕ್ಕಿಂತ ಉದ್ದ ಸುಮಾರು 2000 ಪಟ್ಟು. ಅದನ್ನು ಹೆಬ್ಬೆರಳಿನಷ್ಟು ದಪ್ಪ ಮಾಡಿದೆವೆನ್ನಿ, ಉದ್ದ 40 ಮೀಟರ್ ಆಗುತ್ತದೆ, ಏಳು ಸೀರೆ ಸೆರಗಿಗೆ ಸೆರಗು ಗಂಟು ಹಾಕಿದಷ್ಟು.

ಉದ್ದವಾಗುವುದು ನಿಲ್ಲುತ್ತ ಬಂದಾಗ ಕೋಶ ಇನ್ನೊಂದು ಕೆಲಸ ಹಿಡಿಯುತ್ತದೆ. ಗೋಡೆಯ ಒಳಗಿಂದ ಸೆಲ್ಯುಲೋಸ್ ಪದರ ಬಳಿಯುತ್ತದೆ, ದಿನಕ್ಕೊಂದು. ಈಜಿಪ್ಟಿನ ಹತ್ತಿಯನ್ನು ಅಭ್ಯಾಸ ಮಾಡಿದ ಲಾರೆನ್ಸ್ ಬಾಲ್ಸ್ 1919ರಲ್ಲಿ ಎಳೆಯನ್ನು ರಾಸಾಯನಿಕದಲ್ಲಿ ಉಬ್ಬಿಸಿ ಅಡ್ಡಸೀಳಿ ನೋಡಿದರೆ, ಮರದ ಉಂಗುರದಂತೆ ಉಂಗುರಗಳು! ಹಗಲಿನ ಕಾವು ರಾತ್ರಿಯ ತಂಪು ಬದಲಾಗುತ್ತ ಬಿಟ್ಟ ಗುರುತು. ಮರ ವರ್ಷಕ್ಕೊಂದು ಗೆರೆ ಬರೆದರೆ ಹತ್ತಿಯ ಎಳೆ ದಿನಕ್ಕೊಂದು ಬರೆಯುತ್ತದೆ. ಬಳಿದು ಬಳಿದು ಒಳಗಿನ ಜಾಗ ಕಿರಿದಾಗಿ, ಕಾಯಿ ಬಿರಿದು ಬಿಸಿಲು ತಾಗಿದಾಗ ಕೋಶ ಸಾಯುತ್ತದೆ. ನೀರು ಆರಿ ದುಂಡಗಿದ್ದ ಕೊಳವೆ ಚಪ್ಪಟೆಯಾಗುತ್ತದೆ. ಸೆಲ್ಯುಲೋಸನ್ನು ಸುರುಳಿ ಸುರುಳಿಯಾಗಿ ಬಳಿದಿದ್ದರಿಂದ ಚಪ್ಪಟೆಯಾಗುವಾಗ ತಿರುಚಿಕೊಳ್ಳುತ್ತದೆ, ಸೆಂಟಿಮೀಟರಿಗೆ ಹತ್ತಾರು ತಿರುವು. ಈ ತಿರುವು ಇಲ್ಲದಿದ್ದರೆ ಎಳೆಗೆ ಎಳೆ ಹಿಡಿದುಕೊಳ್ಳುತ್ತಿರಲಿಲ್ಲ, ನೂಲೇ ಆಗುತ್ತಿರಲಿಲ್ಲ.

ಈ ಒಂದು ಕೋಶವನ್ನು ಇನ್ನಷ್ಟು ಉದ್ದ ಮಾಡಲು ಧಾರವಾಡದಲ್ಲಿ ಬಿ.ಎಚ್. ಕಟರಕಿಯವರು ಎರಡು ಬೇರೆ ಬೇರೆ ಜಾತಿಯ ಹತ್ತಿಯನ್ನು ಕೂಡಿಸಿ 1972ರಲ್ಲಿ ವರಲಕ್ಷ್ಮಿ ತಳಿ ಕೊಟ್ಟರು. ನಯವಾದ ನೂಲಿಗೆ ಉದ್ದನೆಯ ಎಳೆ ಬೇಕು. ತಳಿ ವಿಜ್ಞಾನಿಯ ವರ್ಷಗಟ್ಟಲೆ ದುಡಿತ ಕಡೆಗೆ ಬಂದು ನಿಲ್ಲುವುದು ಕೋಶವೊಂದು ಕೆಲವು ಮಿಲಿಮೀಟರ್ ಹೆಚ್ಚು ಎಳೆಯಿತೇ ಎಂಬಲ್ಲಿ.

ಬನಹಟ್ಟಿಗೆ ಬಂದಾಗ ಸಂಜೆ. ಓಣಿಗೆ ಓಣಿಯೇ ಖಟಾಖಟ್ ಅನ್ನುತ್ತಿತ್ತು. ಗುರುತಿನವರ ಮನೆ. ಒಳಗೆ ಮಗ್ಗ ಓಡುತ್ತಿತ್ತು, ಪಡಸಾಲೆಯಲ್ಲಿ ಅಕ್ಕ ಒಬ್ಬರು ಕಂಡಿಕೆ ಸುತ್ತುತ್ತಿದ್ದರು. ಹಾಸಿನ ಒಂದು ತುಂಡು ನೂಲು ಬೇಡಿ ಎಳೆ ಬಿಡಿಸಿ ನೀರಹನಿಯಲ್ಲಿಟ್ಟು ನೋಡಿದೆ. ಅದೇ! ಚಪ್ಪಟೆ, ತಿರುಚಿದ ರಿಬ್ಬನ್ನು, ಬೆಳಕಿಗೆ ಹೊಳೆಯುತ್ತ ಮಸುಕಾಗುತ್ತ. ಅರುವತ್ತರ ನಂಬರಿನ ನೂಲಿನ ಅಡ್ಡಕ್ಕೆ ಇಂಥ 60-70 ಕೋಶಗಳು ಕೂತಿರುತ್ತವೆ. ಅರ್ಧ ಕಿಲೋದ ಹತ್ತಿ ಸೀರೆಯೊಂದರಲ್ಲಿ? ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಒಂದು ಮೀಟರ್ ಎಳೆಯ ತೂಕ ಒಂದು ಮಿಲಿಗ್ರಾಮಿನ ಏಳರಲ್ಲಿ ಒಂದು ಪಾಲಿನಷ್ಟು. 3 ಸೆಂಟಿಮೀಟರಿನ ಎಳೆಗೆ ಎಷ್ಟು, ಅರ್ಧ ಕಿಲೋಕ್ಕೆ ಎಷ್ಟು... ಸೊನ್ನೆಗಳನ್ನು ಎರಡು ಸಲ ಎಣಿಸಿದೆ. 10 ಕೋಟಿಯ ಆಸುಪಾಸು.

"ಅಕ್ಕಾರ, ನಿಮ್ಮ ಒಂದ ಸೀರ್‍ಯಾಗ ಹತ್ತ ಕೋಟಿ ಜೀವಕೋಶ ಅದಾವ."

ಅಕ್ಕ ರಾಟಿ ನಿಲ್ಲಿಸಲಿಲ್ಲ. "ಕೋಟಿ ಐತೇನ? ಕೂಲಿ ಕೊಡುವಾಗ ಯಾರೂ ಎಣಸೂದಿಲ್ಲ ಬಿಡ್ರಿ" ಅಂದರು.

ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಸೂಕ್ಷ್ಮದರ್ಶಕ ಅವರ ಕಣ್ಣಿಗೆ ಹಿಡಿದೆ. ಆಗ ರಾಟಿ ನಿಂತಿತು. ಬಹಳ ಹೊತ್ತು ನೋಡಿದರು. "ಇದಕ್ಕ ಹುರಿ ಯಾರ ಹಾಕಿದ್ರು?" ಅಂತ ಕೇಳಿದರು. ಮಿಲ್ಲಿನಲ್ಲಿ ಹುರಿ ಹಾಕುವುದಕ್ಕೂ ಮೊದಲೇ, ಹೊಲದಲ್ಲಿ, ಸಾಯುವಾಗ ಅದೇ ಹಾಕಿಕೊಂಡದ್ದು ಎಂದೆ. ಇನ್ನೊಮ್ಮೆ ಕೊಡಿ ಎಂದು ಕೈ ಚಾಚಿದರು.

ಹೊರಡುವಾಗ ಅವರು ಕೊಟ್ಟ ಕೆಂಪು ನೂಲಿನ ಒಂದು ಸಣ್ಣ ಲಡಿ ಜೇಬಿನಲ್ಲಿತ್ತು. ಮರುದಿನ ಬೆಳಗ್ಗೆ ಕಾಕಾನ ಹೊಲಕ್ಕೆ ಹೋಗಿ ಬಿದ್ದ ಕಬ್ಬಿನ ಒಂದು ಗಣಿಕೆಯ ನಡುವಿಗೆ ಅದನ್ನು ಕಟ್ಟಿದೆ. ಅದರ ಮೇಲಿನ ಗಣಿಕೆಗೂ ಒಂದು. ಬಾಗುವುದು ಗಣಿಕೆಯ ನಡುವೋ, ಗೆಣ್ಣೋ, ನೀವೇ ನೋಡಿ ಹೇಳಿ ಎಂದು ಕಾಕಾಗೆ ಹೇಳಿ ಬಸ್ಸು ಹತ್ತಿದೆ. ಕಾಗದದ ಸೂಕ್ಷ್ಮದರ್ಶಕವನ್ನು ಅವರು ಇಸಿದುಕೊಂಡಿದ್ದರು.

ಎಂಟು ದಿನಕ್ಕೆ ಫೋನು ಬಂತು. ಹಲೋ ಇಲ್ಲ, ಆರಾಮ ಇಲ್ಲ.

"ದಾರದ ಕೂಡ ಗಣಿಕಿ ಎರಡೂ ನೆಟ್ಟಗ ಅದಾವ. ನಡುವಿನ ಗಿಣ್ಣ ಬಗ್ಗೈತಿ. ತಳದ ಗಿಣ್ಣ ಮೂರು ಏನೂ ಮಾಡಿಲ್ಲ, ಅವಕ್ಕ ವಯಸ್ಸಾಗೈತಿ ಕಾಣತೈತಿ. ನಿಮ್ಮ ಕಾಕೂ ದಾರ ಕೊಟ್ಟಾಳ, ಇನ್ನೊಂದ ಹನ್ನೆರಡ ಕಬ್ಬಿಗಿ ಕಟ್ಟೀನಿ. ಮತ್ತ ಆ ಮುಖ ಜೋಳದ ದಂಟಿನ್ಯಾಗೂ ಅದಾವ ನೋಡ ತಮ್ಮಾ, ಕಣ್ಣ ಸ್ವಲ್ಪ ಸಣ್ಣು."